ಮಳೆ ಬಂತು ಅಂತ ಕ್ಯಾಮೆರಾ ಒಳಗಿಡಬೇಕಾ?

ಪ್ರಶ್ನೆ: ನಾನು ಬ್ಯಾಂಕ್ ನೌಕರಿಯಲ್ಲಿದ್ದೇನೆ. ತವರು ಶಿರಸಿ ಹತ್ತಿರದ ಹಳ್ಳಿ, ಈಗ ಇರುವುದು ಕಾರವಾರದ ಕೋಡಿಬಾಗದಲ್ಲಿ. ನಮ್ಮ ಕೇರಿಯ ದಿನನಿತ್ಯದ ಬದುಕನ್ನು ಒಂದು ವರ್ಷ ಪೂರ್ತಿ ಫೋಟೋ ತೆಗೆಯಬೇಕು ಅಂತ ದೀಪಾವಳಿಯಿಂದ ಶುರು ಮಾಡಿದೆ. ಈಗ ಮೇ ತಿಂಗಳು. ತಿರುಗಿ ನೋಡಿದರೆ ನವೆಂಬರ್‌ದೂ ಮಾರ್ಚ್‌ದೂ ಒಂದೇ ಥರ ಕಾಣುತ್ತವೆ. ಮಳೆ ಶುರುವಾದರೆ ಕ್ಯಾಮೆರಾ ಹಾಳಾಗುತ್ತದೆ, ಒಳಗಿಡು ಅಂತ ಎಲ್ಲರೂ ಹೇಳುತ್ತಾರೆ. ನನ್ನ ಹತ್ತಿರ ಇರುವುದು 18-55 ಲೆನ್ಸಿನ ಹಳೇ ಕ್ಯಾಮೆರಾ ಮತ್ತು ಫೋನು. ಜನರ ಎದುರು ಕ್ಯಾಮೆರಾ ಎತ್ತಲು ಸಂಕೋಚವೂ ಇದೆ. ಹೊಸ ಲೆನ್ಸ್ ತಗೊಂಡರೆ ಸರಿಹೋಗುತ್ತದಾ?

ಉತ್ತರ: ಲೆನ್ಸಿನ ಮಾತು ಕೊನೆಗೆ ಇಟ್ಟುಕೊಳ್ಳೋಣ. ಮೊದಲು ಮಳೆ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನಾಲ್ಕು ತಿಂಗಳು ಕ್ಯಾಮೆರಾ ಕಪಾಟಿನಲ್ಲಿಟ್ಟು, ಆಮೇಲೆ "ನಮ್ಮ ಕೇರಿಯ ಒಂದು ವರ್ಷ" ಅಂದರೆ ಯಾರು ನಂಬುತ್ತಾರೆ? ನಮ್ಮ ಕರಾವಳಿಯಲ್ಲಿ ಬೇಸಿಗೆಯ ಎಷ್ಟೋ ಕೆಲಸ ಮಳೆಗಾಲದ ತಯಾರಿ, ಮಳೆ ಬಿಟ್ಟ ಮೇಲಿನ ಎಷ್ಟೋ ಕೆಲಸ ಅದರ ರಿಪೇರಿ. ಕ್ಯಾಮೆರಾ ಹೊರಗೇ ಇರಲಿ. ಕಾಪಾಡುವ ದಾರಿ ಇದೆ, ಮುಂದೆ ಹೇಳುತ್ತೇನೆ.

ನವೆಂಬರ್ ಮತ್ತು ಮಾರ್ಚ್ ಒಂದೇ ಥರ ಕಾಣುವುದಕ್ಕೆ ಅರ್ಧ ಕಾರಣ ನಿಮ್ಮ ಫೋನು. ಅದು ನೆರಳನ್ನೆಲ್ಲ ಎತ್ತಿ ಬೆಳಗಿಸುತ್ತದೆ, ಆಕಾಶವನ್ನು ನೀಲಿ ಮಾಡುತ್ತದೆ, ಎಲೆ ಕಂಡರೆ ಹಸಿರು ಸುರಿಯುತ್ತದೆ. ಆಟೋ ವೈಟ್ ಬ್ಯಾಲೆನ್ಸ್ ಅನ್ನುವುದು ಬೆಳಕಿನ ಬಣ್ಣವನ್ನು ಒಂದು ಮಟ್ಟಕ್ಕೆ ತರುವುದಕ್ಕೇ ಇರುವ ಸೌಕರ್ಯ. ಜುಲೈ ಮಧ್ಯಾಹ್ನದ ಬೂದು-ನೀಲಿ ಬೆಳಕು, ಜನವರಿ ಸಂಜೆಯ ಹಳದಿ ಬೆಳಕು, ಎರಡನ್ನೂ ಒಂದೇ ಬಿಳಿಯ ಹತ್ತಿರ ಎಳೆದು ತರುತ್ತದೆ. ಋತು ಇರುವುದೇ ಆ ಬಣ್ಣದಲ್ಲಿ, ಅದನ್ನೇ ತೊಳೆದುಬಿಟ್ಟರೆ ಉಳಿಯುವುದೇನು? ಹಾಗಾಗಿ ಕ್ಯಾಮೆರಾದಲ್ಲಿ ವೈಟ್ ಬ್ಯಾಲೆನ್ಸನ್ನು ಡೇಲೈಟ್‌ಗೆ ಇಟ್ಟು ವರ್ಷ ಪೂರ್ತಿ ಮುಟ್ಟಬೇಡಿ. ಫೋನಿನಲ್ಲಿ ಪ್ರೊ ಮೋಡ್ ಇದ್ದರೆ ಅಲ್ಲೂ ಹಾಗೇ ಮಾಡಿ, ಎಚ್‌ಡಿಆರ್ ಮತ್ತು ಎಐ ಅಂತ ಇರುವುದನ್ನು ಆಫ್ ಮಾಡಿ. ಮಳೆಗಾಲದ ಫೋಟೋ ನೀಲಿಯಾಗಿ ಬಂತು ಅಂತ ಗಾಬರಿ ಬೇಡ. ಅದು ನೀಲಿಯಾಗಿಯೇ ಇತ್ತು.

ಇನ್ನರ್ಧ ಕಾರಣ ನೀವು ನಿಂತ ಜಾಗ. ಸುಮ್ನೆ ಊಹೆ ಮಾಡುತ್ತಿದ್ದೇನೆ, ತಪ್ಪಿದ್ದರೆ ಬಿಡಿ: ದಿನಾ ಹೊಸ ದೃಶ್ಯ ಹುಡುಕಿಕೊಂಡು ಹೋಗಿ, ಕೊನೆಗೆ ಸಂಜೆ ಠಾಗೋರ್ ಕಡಲತೀರದಲ್ಲಿ ಸೂರ್ಯಾಸ್ತಕ್ಕೆ ನಿಲ್ಲುತ್ತೀರಿ, ಅಲ್ವಾ? ಠಾಗೋರರು 1883ರಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದಾಗ ಈ ಕಡಲಿಗೆ ಮನಸೋತರು, ಸರಿ. ಹಾಗಂತ ನಾವೆಲ್ಲ ಅಲ್ಲೇ ನಿಲ್ಲಬೇಕಿಲ್ಲ. ಕಡಲಿನ ಮೇಲಿನ ಕೆಂಪು ಸೂರ್ಯ ಯಾವ ತಿಂಗಳದ್ದು ಅಂತ ಫೋಟೋ ನೋಡಿ ಹೇಳುವುದು ಕಷ್ಟ. ಅದೇ ಒಂದು ಮನೆಯ ಪಾಗಾರದ ಫೋಟೋ ತೋರಿಸಿ, ಕೇರಿಯ ಯಾವ ಅಜ್ಜಿಯಾದರೂ ತಿಂಗಳು ಹೇಳುತ್ತಾಳೆ. ಚಿರೇಕಲ್ಲು ಒಣಗಿ ಕೆಂಪಗಿದ್ದರೆ ಮಾರ್ಚ್. ಕಪ್ಪಾಗಿ ಪಾಚಿ ಹತ್ತಿದ್ದರೆ ಜುಲೈ. ಪಾಚಿಯ ಮೇಲೆ ಸಣ್ಣ ಗಿಡ ಎದ್ದು ಹೂ ಬಿಟ್ಟಿದ್ದರೆ ಚೌತಿಯ ಆಸುಪಾಸು.

ಅದಕ್ಕೇ ನನ್ನ ಸಲಹೆ ಇಷ್ಟೇ: ಮೂರ್ನಾಲ್ಕು ಜಾಗ ಹಿಡಿದುಕೊಳ್ಳಿ, ವರ್ಷ ಪೂರ್ತಿ ಅಲ್ಲೇ ನಿಂತು ತೆಗೆಯಿರಿ. ಒಂದು ಓಣಿಯ ತಿರುವು, ಒಂದು ಅಂಗಳ, ಒಂದು ಅಂಗಡಿಯ ಮುಂದಿನ ಕಟ್ಟೆ, ಹೊಳೆ ದಂಡೆಯ ಒಂದು ಜಾಗ. ಲೆನ್ಸನ್ನು 24 ಎಂಎಂ ಹತ್ತಿರ ಇಟ್ಟು ಅಲ್ಲೇ ಬಿಡಿ, ಜೂಮ್ ಮಾಡಬೇಡಿ. ನಿಂತ ಜಾಗಕ್ಕೆ ಗುರುತಿರಲಿ, ಗಟಾರದ ಇಂಥ ಕಲ್ಲು, ಇಂಥ ಕಂಬದ ಬುಡ ಅಂತ. ಹಿಂದಿನ ಸಲ ತೆಗೆದ ಫೋಟೋ ಫೋನಿನಲ್ಲಿಟ್ಟುಕೊಂಡು ಅಂಚುಗಳನ್ನು ಹೊಂದಿಸಿಕೊಳ್ಳಿ. ಚೌಕಟ್ಟು ಬದಲಾಗದಿದ್ದಾಗ ಒಳಗೆ ಬದಲಾದದ್ದು ತಾನಾಗಿಯೇ ಎದ್ದು ಕಾಣುತ್ತದೆ.

ಇದು ನಿಮಗೆ ಬೋರು ಅನಿಸಬಹುದು. ಆದರೆ ಕೋಡಿಬಾಗದವರಿಗೆ ನಾನು ಇದನ್ನು ಒತ್ತಿ ಹೇಳಬೇಕಾಗಿಲ್ಲ. ಕೋಡಿಬಾಗ ಮತ್ತು ಸದಾಶಿವಗಡದ ನಡುವೆ ಕಾಳಿ ನದಿಗಿದ್ದ ಹಳೇ ಸೇತುವೆ 2024ರ ಆಗಸ್ಟ್ 7ರಂದು, ಮಧ್ಯರಾತ್ರಿ ದಾಟಿದ ಮೇಲೆ ಕುಸಿದು ಬಿತ್ತು. ಹಿಂದಿನ ದಿನದವರೆಗೆ ಅದರ ಮೇಲೆ ಓಡಾಡಿದವರಲ್ಲಿ ಎಷ್ಟು ಜನರ ಹತ್ತಿರ ಅದರ ಒಂದು ಸಾದಾ ಫೋಟೋ ಇದೆ? ಸೂರ್ಯಾಸ್ತದ ಹಿಂದೆ ಕಪ್ಪು ಗೆರೆಯಾಗಿ ನಿಂತದ್ದು ಬಿಟ್ಟು, ಸೈಕಲ್ಲಿನವರು, ಮೀನಿನ ಬುಟ್ಟಿ, ಬಸ್ಸಿನ ಕಿಟಕಿ ಇರುವ ಫೋಟೋ? ಹೆದ್ದಾರಿ ಅಗಲ ಮಾಡುವಾಗ ಹೋದ ಅಂಗಡಿ ಸಾಲುಗಳ ಕಥೆಯೂ ಇದೇ.

ಈಗ ಬೆಳಕು. ಸ್ವಲ್ಪ ಲೆಕ್ಕ ಬರುತ್ತದೆ, ಓದಿ, ಉಪಯೋಗಕ್ಕೆ ಬರುತ್ತದೆ. ಕಾರವಾರ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ವರ್ಷದಲ್ಲಿ ಎರಡು ಸಲ ಸೂರ್ಯ ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ಎರಡನೇ ವಾರದಲ್ಲೊಮ್ಮೆ. ಆಗ ಕಂಬದ ನೆರಳು ಬುಡದಲ್ಲೇ ಕರಗಿರುತ್ತದೆ. ಅದೂ ಗಡಿಯಾರದ 12ಕ್ಕೆ ಅಲ್ಲ, ಏಪ್ರಿಲ್‌ನಲ್ಲಿ ಸುಮಾರು 12.30ಕ್ಕೆ, ಯಾಕೆಂದರೆ ನಮ್ಮ ಗಡಿಯಾರ ನಡೆಯುವುದು ನಮಗಿಂತ ಎಷ್ಟೋ ಪೂರ್ವಕ್ಕಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಮೇ ತಿಂಗಳಲ್ಲಿ ಮಧ್ಯಾಹ್ನದ ಸೂರ್ಯ ಉತ್ತರಕ್ಕೆ ವಾಲಿರುತ್ತಾನೆ. ಉತ್ತರಕ್ಕೆ ಮುಖ ಮಾಡಿದ ಜಗಲಿಗೆ ಮಧ್ಯಾಹ್ನದ ಬಿಸಿಲು ತಾಗುವುದು ಆಗ ಮಾತ್ರ. ಆಗಸ್ಟ್‌ವರೆಗೂ ಹಾಗೇ ಇರುತ್ತದೆ, ಆದರೆ ಜೂನ್ ಆದ ಮೇಲೆ ಮೋಡದ ಹಿಂದೆ ಯಾರು ನೋಡಿದರು.

ಸೂರ್ಯ ಮುಳುಗುವ ಜಾಗವೂ ಸರಿಯುತ್ತದೆ. ಜೂನ್ ಕೊನೆಗೆ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ಉತ್ತರಕ್ಕೆ, ಡಿಸೆಂಬರ್ ಕೊನೆಗೆ ಅಷ್ಟೇ ದಕ್ಷಿಣಕ್ಕೆ. ನಿಮ್ಮ ಓಣಿ ಪೂರ್ವ-ಪಶ್ಚಿಮಕ್ಕೆ ನೇರವಾಗಿದ್ದರೆ ಸಂಜೆ ಬಿಸಿಲು ಓಣಿಯ ಉದ್ದಕ್ಕೂ ಹರಿದು ಬರುವುದು ಮಾರ್ಚ್ 20 ಮತ್ತು ಸೆಪ್ಟೆಂಬರ್ 22ರ ಆಸುಪಾಸು ಕೆಲವು ದಿನ ಮಾತ್ರ. ಡಿಸೆಂಬರ್‌ನಲ್ಲಿ ಅದು ಉತ್ತರ ಬದಿಯ ಮನೆಗಳ ಬಾಗಿಲಿಗೆ ಬೀಳುತ್ತದೆ, ಮೇನಲ್ಲಿ ಎದುರು ಸಾಲಿನ ಬಾಗಿಲಿಗೆ. ಅಂದರೆ ಸಂಜೆ ಕಟ್ಟೆಯ ಮೇಲೆ ಹರಟೆಗೆ ಕೂರುವವರು ಯಾವ ಕಟ್ಟೆ ಹಿಡಿಯುತ್ತಾರೆ ಅನ್ನುವುದು ಕೂಡ ಬದಲಾಗುತ್ತದೆ. ಇದನ್ನು ಗಮನಿಸಿ, ಒಳ್ಳೆ ಫೋಟೋ ಸಿಗುತ್ತದೆ. ಇನ್ನೊಂದು ವಿಷಯ, ಡಿಸೆಂಬರ್ ಮಧ್ಯಾಹ್ನದಲ್ಲೂ ಸೂರ್ಯ ಏರುವುದು ಸುಮಾರು 52 ಡಿಗ್ರಿ ಅಷ್ಟೇ. ಮಧ್ಯಾಹ್ನ ಫೋಟೋ ತೆಗೆಯಬಾರದು ಅನ್ನುವ ಮಾತು ನಮ್ಮಲ್ಲಿ ಏಪ್ರಿಲ್, ಮೇಗೆ ಸರಿ, ಡಿಸೆಂಬರಿಗೆ ಅಲ್ಲ. ಜನವರಿಯಲ್ಲಿ ಬೆಳಿಗ್ಗೆ ಬೇಗ ಎದ್ದು ಹೋಗಿ ನಿರಾಶೆಯಾಗಬೇಡಿ, ಸೂರ್ಯ ಹುಟ್ಟುವುದೇ 7 ಗಂಟೆ ಸುಮಾರಿಗೆ, ಪೂರ್ವದ ಗುಡ್ಡ ದಾಟಿ ಓಣಿಗೆ ಬಿಸಿಲು ಇಳಿಯಲು ಇನ್ನಷ್ಟು ಹೊತ್ತು ಬೇಕು.

ಇನ್ನು ಏನನ್ನು ನೋಡಬೇಕು? ನಾನಾದರೆ ಮನೆ ಮುಂದಿನ ಕೆಲಸ ನೋಡುತ್ತೇನೆ. ಈಗ ಮೇ ತಿಂಗಳು ಅಂದಿರಿ, ಇದಕ್ಕಿಂತ ಒಳ್ಳೆ ತಿಂಗಳಿಲ್ಲ. ಅಂಗಳದಲ್ಲಿ ಹಲಸಿನ ಹಪ್ಪಳ, ಮುರುಗಲು ಸಿಪ್ಪೆ, ಒಣಮೀನು, ಒಂದೊಂದು ಮನೆಗೆ ಒಂದೊಂದು. ಸೌದೆ ಒಡೆದು ಒಳಗೆ ಒಟ್ಟುತ್ತಾರೆ. ಯಾರೋ ಹಂಚಿನ ಮೇಲೆ ಹತ್ತಿ ಒಡೆದ ಹಂಚು ತೆಗೆಯುತ್ತಿರುತ್ತಾರೆ, ಕೆಳಗಿನಿಂದ ಮನೆಯವರು ಎಲ್ಲಿ ಸೋರುತ್ತದೆ ಅಂತ ಕೂಗಿ ಹೇಳುತ್ತಿರುತ್ತಾರೆ. ಅಂಗಡಿಯಲ್ಲಿ ತಾಡಪತ್ರಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ, ಛತ್ರಿ ರಿಪೇರಿಯವರು ಬಸ್ ಸ್ಟ್ಯಾಂಡ್ ಬದಿಗೆ ಕೂರುತ್ತಾರೆ. ಪೇಟೆಯಲ್ಲಿ ಅಂಕೋಲೆಯ ಕರಿ ಈಶಾಡ ಮಾವು ಬಂದಿರುತ್ತದೆ. ಇವೆಲ್ಲ ಒಂದು ಮಳೆ ಬಿದ್ದರೆ ರಾತ್ರಿ ಬೆಳಗಾಗುವುದರೊಳಗೆ ಮಾಯ. ಮೊದಲ ಮಳೆಯ ದಿನ ಮಾತ್ರ ರಜೆ ಹಾಕಿಯಾದರೂ ಕೇರಿಯಲ್ಲಿರಿ, ಅಂಗಳದಲ್ಲಿ ಒಣಗಿಸಿದ್ದನ್ನು ಎಲ್ಲರೂ ಸೇರಿ ಒಳಗೆ ಎಳೆಯುವ ಆ ಹತ್ತು ನಿಮಿಷ ಬೇರೆ ಯಾವಾಗಲೂ ಸಿಗುವುದಿಲ್ಲ.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಕಡಲಿಗಿಳಿಯಲು ನಿಷೇಧ. ಬೈತಖೋಲದ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ, ಸಣ್ಣ ದೋಣಿಗಳು ದಂಡೆ ಹತ್ತಿ ತೆಂಗಿನ ಮಡಲಿನ ಕೆಳಗೆ ಸೇರುತ್ತವೆ. ಹೊರಗಿನಿಂದ ಬಂದವರಿಗೆ ಇದು ಏನೂ ನಡೆಯದ ಕಾಲ. ನಿಜಕ್ಕೂ ನಡೆಯುವುದು ಜಾಸ್ತಿ: ಬಲೆ ರಿಪೇರಿ, ಎಂಜಿನ್ ರಿಪೇರಿ, ಮದುವೆ ಸಾಲದ ಮಾತು, ಇಸ್ಪೀಟು. ಮೀನು ಮಾರುವ ಹೆಂಗಸರ ಬುಟ್ಟಿಯಲ್ಲಿ ಬಂಗಡೆ ಬದಲು ಒಣಮೀನು, ಹೊಳೆ ಮೀನು, ಬಳಚು. ಮಾರುಕಟ್ಟೆಯ ಒಂದೇ ಮೂಲೆಯನ್ನು ಮೇ, ಜುಲೈ, ಸೆಪ್ಟೆಂಬರ್‌ನಲ್ಲಿ ತೆಗೆದು ಪಕ್ಕಪಕ್ಕ ಇಡಿ. ಮತ್ತೆ ಏನೂ ಬರೆಯಬೇಕಾಗಿಲ್ಲ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಡುತ್ತಾರಲ್ಲ, ಅದರ ಫೋಟೋ ಎಲ್ಲರೂ ತೆಗೆಯುತ್ತಾರೆ. ನೀವು ಅದರ ಹಿಂದಿನ ದಿನ ಹೋಗಿ.

ಹಬ್ಬಗಳ ವಿಷಯದಲ್ಲಿ ನನ್ನದು ಒಂದೇ ಮಾತು, ಮೆರವಣಿಗೆ ಬೇರೆಯವರಿಗೆ ಬಿಡಿ. ಚೌತಿಯಲ್ಲಿ ಗಣಪನ ಮೇಲೆ ಕಟ್ಟುವ ಮಾಟೋಳಿ, ನಿಮ್ಮ ಶಿರಸಿ ಕಡೆ ಫಲಾವಳಿ ಅನ್ನುತ್ತೀರಿ, ಅದನ್ನು ಹತ್ತಿರದಿಂದ ನೋಡಿ. ಆ ವಾರ ಕಾಡಿನಲ್ಲಿ, ಹಿತ್ತಲಿನಲ್ಲಿ ಏನೇನು ಕಾಯಿ ಬಿಟ್ಟಿತ್ತೋ ಎಲ್ಲ ಅಲ್ಲಿ ನೇತಾಡುತ್ತಿರುತ್ತದೆ. ಮಳೆಗಾಲದ ಕೊನೆಯನ್ನು ಮನೆಯೊಳಗೆ ನಿಂತು ತೆಗೆಯಬಹುದಾದ ಜಾಗ ಅದು. ನವೆಂಬರ್‌ನಲ್ಲಿ ತುಳಸಿ ಹಬ್ಬಕ್ಕೆ ಮೊದಲು ತುಳಸಿ ಕಟ್ಟೆಗೆ ಬಣ್ಣ ಬಳಿಯುತ್ತಾರೆ, ಮಳೆಗೆ ಕಪ್ಪಾದ ಕಟ್ಟೆ ಒಂದೇ ಮಧ್ಯಾಹ್ನದಲ್ಲಿ ಹೊಸದಾಗುತ್ತದೆ. ಆಮೇಲೆ ಕಬ್ಬು, ನೆಲ್ಲಿ ಟೊಂಗೆ ಬರುತ್ತವೆ. ಬಣ್ಣದ ಡಬ್ಬಿ ಹಿಡಿದ ಮಕ್ಕಳ ಫೋಟೋಕ್ಕೆ ನನ್ನ ಓಟು.

ಶಿರಸಿಗೆ ತಿಂಗಳಿಗೊಮ್ಮೆ ಹೋಗುತ್ತೀರಿ ಅಂದುಕೊಳ್ಳುತ್ತೇನೆ. ಘಟ್ಟ ಹತ್ತಿದ ಕೂಡಲೇ ಕ್ಯಾಲೆಂಡರ್ ಬೇರೆ. ಅಲ್ಲಿ ಅಂಗಳವೇ ವರ್ಷದ ಲೆಕ್ಕ ಹೇಳುತ್ತದೆ: ಮಳೆಗಾಲದಲ್ಲಿ ಖಾಲಿ ಮತ್ತು ಜಾರು, ಅಡಿಕೆ ಕೊನೆ (ಗೊನೆ) ಕೊಯ್ಲು ಹತ್ತಿರ ಬಂದರೆ ಅಡಿಕೆ ದಬ್ಬೆಯ ಅಟ್ಟ ಏಳುತ್ತದೆ, ಚಳಿಗಾಲದಲ್ಲಿ ಅಡಿಕೆ, ಬೇಸಿಗೆಗೆ ಅಪ್ಪೆಮಿಡಿ, ಹಪ್ಪಳ, ಮತ್ತೆ ಮಳೆ ಮೊದಲು ಎಲ್ಲ ಬಿಚ್ಚಿ ಜಗಲಿಗೆ ಸೋಗೆ ತಟ್ಟಿ ಕಟ್ಟುವುದು. ಮನೆಯ ಮೆತ್ತಿನ ಕಿಟಕಿಯಿಂದ ಅದೇ ಅಂಗಳವನ್ನು ಪ್ರತಿ ಸಲ ತೆಗೆಯಿರಿ. ತೋಟದೊಳಗೆ ಬಿಸಿಲಿದ್ದಾಗ ಫೋಟೋ ತೆಗೆಯುವುದು ಕಷ್ಟ, ಚುಕ್ಕೆ ಚುಕ್ಕೆ ಬೆಳಕು ಮುಖವನ್ನೆಲ್ಲ ಹಾಳು ಮಾಡುತ್ತದೆ. ಮೋಡ ಇರುವಾಗ ಹೋಗಿ. ಮಳೆ ನಡುವೆ ಸ್ವಲ್ಪ ಹೊಳ ಬಿದ್ದಾಗ ಕೊಳೆ ರೋಗಕ್ಕೆ ಬೋರ್ಡೋ ಮದ್ದು ಹೊಡೆಯುತ್ತಾರಲ್ಲ, ಮರದ ಮೇಲೆ ಕೊನೆಗೌಡರು, ಅಂದರೆ ಅಡಿಕೆ ಮರ ಹತ್ತುವವರು, ಕೆಳಗೆ ಪೈಪು ಹಿಡಿದವರ ಅಂಗಿಯೆಲ್ಲ ನೀಲಿ, ಆ ಬೆಳಕಿನಲ್ಲಿ ಅದು ಚೆನ್ನಾಗಿ ಬರುತ್ತದೆ. ಲೆನ್ಸಿಗೆ ಹನಿ ಬೀಳದಷ್ಟು ದೂರ ನಿಲ್ಲಿ, ಮೈಲುತುತ್ತ ಒಳ್ಳೆಯದಲ್ಲ. ರಾತ್ರಿ ಅಡಿಕೆ ಸುಲಿಯುವಾಗ ಎಲ್‌ಇಡಿ ಬಲ್ಬಿನ ಕೆಳಗೆ ಫೋಟೋದಲ್ಲಿ ಅಡ್ಡಡ್ಡ ಪಟ್ಟಿ ಬಂದರೆ ಶಟರ್ ವೇಗ 1/50 ಅಥವಾ 1/100 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ, ಅದಕ್ಕೆ ಹೊಂದಿಕೆಯಾದರೆ ಪಟ್ಟಿ ಹೋಗುತ್ತದೆ. ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಜಾತ್ರೆ ಇಲ್ಲದ ವರ್ಷ ಅದು ನಡೆಯುವ ಬಿಡ್ಕಿಬೈಲಿನ ಮಾಮೂಲಿ ದಿನ ಹೇಗಿರುತ್ತದೆ ಅಂತ ಯಾರೂ ತೆಗೆಯುವುದಿಲ್ಲ, ನೀವು ತೆಗೆಯಿರಿ.

ಮಳೆಯನ್ನೇ ಫೋಟೋದಲ್ಲಿ ಕಾಣಿಸಬೇಕು ಅಂದರೆ ಹಿಂದುಗಡೆ ಕಪ್ಪಗಿರುವುದು ಏನಾದರೂ ಬೇಕು, ತೆರೆದ ಬಾಗಿಲು, ಮಾವಿನ ಮರ, ಯಾವುದಾದರೂ. ಬಿಳಿ ಆಕಾಶದ ಎದುರು ಎಂಥ ಜಡಿಮಳೆಯೂ ಕಾಣುವುದಿಲ್ಲ. ಶಟರ್ 1/60ರ ಹತ್ತಿರ ಇದ್ದರೆ ಮಳೆ ಗೆರೆಯಾಗುತ್ತದೆ, 1/500 ದಾಟಿದರೆ ಹನಿಯಾಗಿ ನಿಲ್ಲುತ್ತದೆ. ನನಗೆ ಗೆರೆ ಇಷ್ಟ. ಐಎಸ್ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ) 1600 ಅಂದರೆ ಹೆದರಬೇಡಿ, ಸ್ವಲ್ಪ ಮರಳು ಮರಳಾಗಿ ಬಂದರೂ ಜುಲೈಗೆ ಒಪ್ಪುತ್ತದೆ. ಮಂಜು, ಬಿಳಿ ಆಕಾಶ ಜಾಸ್ತಿ ಇದ್ದಾಗ ಕ್ಯಾಮೆರಾ ಫೋಟೋವನ್ನು ಕಪ್ಪು ಮಾಡಿಬಿಡುತ್ತದೆ, ಎಕ್ಸ್‌ಪೋಷರನ್ನು ಪ್ಲಸ್ 2/3 ಅಥವಾ 1 ಏರಿಸಿ. ಹೊರಗೆ ಕಾಲಿಡಲಾಗದ ದಿನ ಕಿಟಕಿ ಸಾಕು. ಪ್ರಾಗ್ ಊರಿನ ಜೋಸೆಫ್ ಸುದೇಕ್ ಅಂತ ಒಬ್ಬ ಫೋಟೋಗ್ರಾಫರ್ ಇದ್ದರು, ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಊರು ಜರ್ಮನ್ನರ ಕೈಯಲ್ಲಿದ್ದ ಕಾಲ, 1940ರಲ್ಲಿ ತಮ್ಮ ಸ್ಟುಡಿಯೋದ ಕಿಟಕಿಯನ್ನೇ ತೆಗೆಯಲು ಶುರು ಮಾಡಿ 1954ರವರೆಗೆ ಬಿಡಲಿಲ್ಲ. ಗಾಜಿನ ಮೇಲೆ ಆವಿ, ಹನಿ, ಹಿಮ, ಹಿಂದೆ ಒಂದು ಸೊಟ್ಟ ಮರ, ಅಷ್ಟೇ. ನಮ್ಮ ಆರಿದ್ರಾ ಮಳೆಯ ಕಿಟಕಿ ಅದಕ್ಕೇನು ಕಡಿಮೆ?

ಕ್ಯಾಮೆರಾ ಕಾಪಾಡುವುದು. ನೀರಿಗಿಂತ ದೊಡ್ಡ ಶತ್ರು ಬೂಷ್ಟು. ಗಾಳಿಯ ತೇವ ಶೇ. 60-65 ದಾಟಿ ವಾರಗಟ್ಟಲೆ ಇದ್ದರೆ ಲೆನ್ಸಿನೊಳಗೆ ಬೂಷ್ಟು ಬೆಳೆಯುತ್ತದೆ, ಜುಲೈನಲ್ಲಿ ಕಾರವಾರದಲ್ಲಿ ಅದು 80ರ ಮೇಲೇ ಇರುತ್ತದೆ. ಕಪಾಟಿನಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಟ್ಟರೆ ಹಾಳಾಗುವುದು ಗ್ಯಾರಂಟಿ, ಅಂದರೆ "ಒಳಗಿಡು" ಅಂದವರ ಸಲಹೆಯೇ ಕ್ಯಾಮೆರಾ ತಿನ್ನುತ್ತದೆ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಸಣ್ಣ ಮೀಟರು. 40ರಿಂದ 50ರೊಳಗೆ ಇರಲಿ. ಜೆಲ್ ಬಣ್ಣ ಬದಲಾದರೆ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ತಿರುಗುವವರೆಗೆ ಬಿಸಿ ಮಾಡಿ, ಆ ಬಾಣಲೆ ಮತ್ತೆ ಅಡುಗೆಗೆ ಬೇಡ. ಅಕ್ಕಿಯಲ್ಲಿ ಹೂತಿಡುವುದು ಬೇಡ, ಹುಡಿ ಒಳಗೆ ಹೋಗುತ್ತದೆ ಅಷ್ಟೇ. ನೀವು ಎಸಿ ಇರುವ ಬ್ಯಾಂಕಿನಿಂದ ಹೊರಗೆ ಬಂದ ಕೂಡಲೇ ಕ್ಯಾಮೆರಾ ತೆಗೆದರೆ ಗಾಜಿಗೆ ಆವಿ ಹಿಡಿಯುತ್ತದೆ, ಅರ್ಧ ಗಂಟೆ ಚೀಲದಲ್ಲೇ ಬಿಡಿ. ಕಡಲ ಹತ್ತಿರ ಹೋಗಿ ಬಂದ ದಿನ ಸಾದಾ ನೀರಿನಲ್ಲಿ ಹಿಂಡಿದ ಬಟ್ಟೆಯಿಂದ ಮೈ ಒರೆಸಿ, ಉಪ್ಪು ಬಿಡಬೇಡಿ. ಮಳೆಯಲ್ಲಿ ದೊಡ್ಡ ಛತ್ರಿ ಮತ್ತು ತಲೆಗೆ ಹಾಕುವ ಪ್ಲಾಸ್ಟಿಕ್ ಟೊಪ್ಪಿ ಸಾಕು, ಟೊಪ್ಪಿ ಕ್ಯಾಮೆರಾಕ್ಕೆ.

ಸಂಕೋಚದ ಬಗ್ಗೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋದರೆ ಅರ್ಧ ಸಂಕೋಚ ತಾನೇ ಹೋಗುತ್ತದೆ, ನಿಮ್ಮದೂ ಅವರದೂ. ಮೀನು ಮಾರ್ಕೆಟ್ಟಿಗೆ ಹೋದರೆ ಮೊದಲು ಮೀನು ತಗೊಳ್ಳಿ. ತಿನ್ನುವುದಿಲ್ಲ ಅಂದರೆ ಪಕ್ಕದಲ್ಲೇ ಬಸಳೆ ಕಟ್ಟು ಇಟ್ಟುಕೊಂಡು ಕೂತವರಿರುತ್ತಾರೆ. ವ್ಯಾಪಾರದ ಹೊತ್ತು ಬಿಟ್ಟು ಬಿಡುವಾದ ಮೇಲೆ ಕೇಳಿ, "ಅಕ್ಕಾ, ಒಂದು ಫೋಟೋ ತೆಗೀಲಾ?" ಅಂತ. ಬೇಡ ಅಂದರೆ ಬೇಡ. ಕೊರಳ ತುಂಬ ಮಣಿಸರ ಹಾಕಿದ ಹಾಲಕ್ಕಿ ಅಜ್ಜಿಯಂದಿರನ್ನು ಕಂಡ ಕೂಡಲೇ ಮುಖದ ಹತ್ತಿರ ಕ್ಯಾಮೆರಾ ಒಯ್ಯುವವರನ್ನು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಅವರು ಅಲ್ಲಿ ಕೂತದ್ದು ತರಕಾರಿ ಮಾರಲು. ಮಕ್ಕಳ ಫೋಟೋ ಆದರೆ ಮನೆಯವರನ್ನು ಕೇಳದೆ ಎಲ್ಲೂ ಹಾಕಬೇಡಿ. ತೆಗೆದ ಫೋಟೋ 4x6 ಪ್ರಿಂಟ್ ಹಾಕಿಸಿ ಕೈಗೆ ಕೊಡಿ. ವಾಟ್ಸಾಪ್ ಮಾಡುತ್ತೇನೆ ಅನ್ನುವುದು ಬೇರೆ, ಪ್ರಿಂಟು ಬೇರೆ, ಒಂದು ಸಲ ಕೊಟ್ಟು ನೋಡಿ, ಮುಂದಿನ ಸಲ ಅವರೇ ಕರೆಯುತ್ತಾರೆ. ಅರಗದ ಕಡೆ ನೌಕಾನೆಲೆಯ ಹತ್ತಿರ ಮಾತ್ರ ಕ್ಯಾಮೆರಾ ಎತ್ತಲೇಬೇಡಿ, ಬೋರ್ಡು ಹಾಕಿರುತ್ತಾರೆ. ಈ ಊರಲ್ಲಿ ಡ್ರೋನಿನ ಆಸೆಯನ್ನೂ ಬಿಡಿ.

ಫೈಲುಗಳನ್ನು ತಿಂಗಳ ಫೋಲ್ಡರ್ ಬದಲು ಜಾಗದ ಫೋಲ್ಡರ್ ಮಾಡಿ ಇಡಿ, ಹೆಸರಿನಲ್ಲಿ ತಾರೀಕು ಇರಲಿ. ಎರಡು ಕಡೆ ಕಾಪಿ, ಅದರಲ್ಲಿ ಒಂದು ಶಿರಸಿಯಲ್ಲಿರಲಿ.

ಇನ್ನು ಲೆನ್ಸ್. ಬೇಡ. ನೀವು ಕೇಳಿದ ಯಾವ ತೊಂದರೆಯೂ ಲೆನ್ಸಿನದ್ದಲ್ಲ, ಮತ್ತು ಹಗಲಿನ ಕೆಲಸಕ್ಕೆ 18-55 ಧಾರಾಳ. ರಾತ್ರಿ, ಮನೆಯೊಳಗೆ ಜಾಸ್ತಿ ತೆಗೆಯಬೇಕು ಅಂತ ಅನಿಸಿದರೆ ಜಾಸ್ತಿ ಬೆಳಕು ಒಳಬಿಡುವ ಎಫ್ 1.8ರ 35 ಎಂಎಂ ಒಂದನ್ನು ಸೆಕೆಂಡ್‌ಹ್ಯಾಂಡ್ ನೋಡಿ, ಕೊಳ್ಳುವ ಮೊದಲು ಟಾರ್ಚ್ ಹಾಕಿ ಒಳಗೆ ಜೇಡರ ಬಲೆಯಂಥ ಎಳೆ ಇದೆಯಾ ಅಂತ ಪರೀಕ್ಷಿಸಿ. ಅದೂ ದಸರಾ ಮುಗಿಯಲಿ. ಈ ವಾರ ತಗೊಳ್ಳಬೇಕಾದದ್ದು ಡಬ್ಬಿ ಮತ್ತು ಸಿಲಿಕಾ ಜೆಲ್, ಜೂನ್‌ನಲ್ಲಿ ಅಂಗಡಿಯಲ್ಲಿ ಕೇಳಿದರೆ ಖಾಲಿ ಅನ್ನುತ್ತಾರೆ.